ಮೈದಾನದ ಸುತ್ತ ಜೋಪಡಿ ಹಾಕಿದ ವರ್ಷ

ಊರಲ್ಲಿ ಇಲಿ ಬೀಳುವುದಕ್ಕೆ ಹಿಂದಿನ ದಿನ ಬೆಳಗ್ಗೆ ನಾನು ಕಸ ಹೊಡೆಯಲು ಬಾಗಿಲು ತೆರೆದೆ. ಚಿಲಕಕ್ಕೆ ಹಸಿರು ಗಾಜಿನ ಬಳೆಗಳನ್ನು ದಾರದಲ್ಲಿ ಪೋಣಿಸಿ ಯಾರೋ ಕಟ್ಟಿಹೋಗಿದ್ದರು. ನಾನು ಕೊಪ್ಪಳಕ್ಕೆ ಸೊಸೆಯಾಗಿ ಬಂದು ಒಂದು ತಿಂಗಳೂ ಆಗಿರಲಿಲ್ಲ. ಹೊಸ ಸೊಸೆಗೆಂದು ಓಣಿಯವರು ಕೊಟ್ಟಿರಬೇಕು, ಎದುರಿಗೆ ಕೊಡಲು ಸಂಕೋಚಪಟ್ಟಿರಬೇಕು ಎಂದುಕೊಂಡೆ. ನಮ್ಮ ಅಳವಂಡಿಯಲ್ಲಿ ಹಾಗೆ ಮಾಡುವ ಪದ್ಧತಿ ಇಲ್ಲ. ಆದರೆ ಇದು ದೊಡ್ಡ ಊರು, ಇಲ್ಲಿಯ ರೀತಿ ಬೇರೆ ಇದ್ದೀತು. ಕೈ ತೊಳೆದುಕೊಂಡು ತೊಟ್ಟುಕೊಂಡೆ. ಅಳತೆ ಸರಿಯಾಗಿತ್ತು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ನನ್ನ ಕೈ ನೋಡಿದರು.

“ಇವು ಎಲ್ಲಿವು ಬೇ?”

“ಚಿಲಕಕ್ಕ ಕಟ್ಟಿದ್ರು ಅತ್ತಿ. ಯಾರು ಕೊಟ್ಟಾರಂತ ಗೊತ್ತಿಲ್ಲ.”

ಅತ್ತೆಯ ಕೈ ನಿಂತಿತು. ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡು ನಗಲು ಶುರು ಮಾಡಿದರು. “ನಿನಗ ಕೊಟ್ಟಿಲ್ಲ ಹುಚ್ಚಿ, ನಿನ್ನ ಗಂಡಗ ಕೊಟ್ಟಾರ.”

ಹಿಂದಿನ ದಿನ ಶುಕ್ರವಾರ. ನಿಜಾಮರ ಆಡಳಿತದಲ್ಲಿ ವಾರದ ರಜೆ ಶುಕ್ರವಾರವೇ ಇತ್ತು, ಫುಟ್ಬಾಲ್ ಪಂದ್ಯಗಳೂ ಅವತ್ತೇ. ಗಂಗಾವತಿಯವರು ಗಾಡಿ ಕಟ್ಟಿಕೊಂಡು ಆಡಲು ಬಂದಿದ್ದರು. ನಮ್ಮ ಮನೆಯವರು ಕೊಪ್ಪಳದ ಕಡೆಯಿಂದ ಎಡಬದಿಗೆ ಆಡುವವರು. ತೆರೆದು ಬಿಟ್ಟ ಬಾಗಿಲಿನಂತಿದ್ದ ಗೋಲಿನ ಮುಂದೆ ಚೆಂಡು ಕಾಲಿಗೆ ಬಂದರೂ ಹೊರಗೆ ಒದ್ದಿದ್ದರಂತೆ. ಅದಾದ ಮೇಲೆ ಚೆಂಡಿನ ಹತ್ತಿರವೇ ಹೋಗಲಿಲ್ಲವಂತೆ. ಕೊಪ್ಪಳ ಸೋತಿತ್ತು. ಇವರು ಕೆಟ್ಟದಾಗಿ ಆಡಿದ ಮರುದಿನ ಬಾಗಿಲಿಗೆ ಬಳೆ ಕಟ್ಟುವುದು, ಚೆನ್ನಾಗಿ ಆಡಿದ ಮರುದಿನ ಕಟ್ಟೆಯ ಮೇಲೆ ಶೇಂಗಾ ಉಂಡೆ ಇಟ್ಟು ಹೋಗುವುದು ಊರವರಲ್ಲಿ ಯಾರದೋ ರೂಢಿ. ಉಂಡೆ ಎಷ್ಟು ಸಲ ಬಂತೋ ಬಳೆಯೂ ಅಷ್ಟೇ ಸಲ ಬಂದಿದೆ ಎಂದು ಅತ್ತೆ ಹೇಳಿದರು. ಇವರು ಹಿತ್ತಲಿನಿಂದ ಬಂದು ನನ್ನ ಕೈ ನೋಡಿ, “ನನಗಂತೂ ಅಳತಿ ಕೂಡಂಗಿಲ್ಲ. ನೀನ ಇಟ್ಕೋ” ಎಂದರು. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಆಗ ಅವರ ಮುಖ ನೋಡಿ ಮನಸ್ಸು ತಿಳಿಯುವಷ್ಟು ಪರಿಚಯ ನನಗೆ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಖಾದರ್ ಕಾಕಾ ಬಂದು ನಿಂತರು. ನಮ್ಮ ಮನೆಗೆ ಎರಡು ಮನೆ ಆಚೆ ಅರಳೆ ಹಿಂಜಿ ಗಾದಿ ಹೊಲಿಯುವವರು. ಮೀಸೆಯ ಮೇಲೆ, ಹುಬ್ಬಿನ ಮೇಲೆ ಸದಾ ಹತ್ತಿಯ ಎಳೆ. ಒಳಗೆ ಬರಲಿಲ್ಲ, ಕಟ್ಟೆಯ ಮೇಲೂ ಕೂರಲಿಲ್ಲ.

“ಎಲ್ಲಿ ಅದಾನವಾ ನಿನ್ನ ಮಗ? ನಿದ್ದಿ ಆತೇನು? ನಿನ್ನೆ ಮೈದಾನದಾಗ ಮಾಡಿದ್ದು ಸಾಲಲಿಲ್ಲೇನು?”

“ಬಾ ಕಾಕಾ, ಚಾ ಕುಡಿ,” ಎಂದರು ಇವರು.

“ನಿನ್ನ ಚಾ ನಿನ್ನ ಹತ್ರ ಇಟ್ಕೋ. ಆ ಭೀಮಣ್ಣನ್ನ ನೋಡು. ಗೋಲಿನಾಗ ನಿಂತಾನಂದ್ರ ನಿಂತ. ಕಾಲಿಗೆ ಬಂದ್ರ ಕಾಲು, ಎದಿಗೆ ಬಂದ್ರ ಎದಿ. ನಿನಗ ದೇವರು ಅಂಥಾ ಕಾಲು ಕೊಟ್ಟಾನ. ಆ ಕಾಲು ಇಟ್ಕೊಂಡು ಮುಗಿಲಾಗ ಹಕ್ಕಿ ಎಣಸ್ತೀ. ಇನ್ನೊಮ್ಮಿ ಮೈದಾನಕ್ಕ ಬಂದಿ ಅಂದ್ರ ನಾ ಬರಂಗಿಲ್ಲ. ಹನುಮ್ಯಾ ಸತ್ತ ಅಂತ ತಿಳಕೊಂತೀನಿ.”

“ಹಂಗ ಅನಬ್ಯಾಡೋ ಖಾದರಾ, ಮುಂಜಾನೆದ್ದು” ಎಂದರು ಅತ್ತೆ. ಅವರು ತಿರುಗಿ ನೋಡದೆ ಹೋದರು.

ಅದು ನಮ್ಮ ಪಾಲಿನ ಕೊನೆಯ ಸಾದಾ ದಿನ.

ಈಗ ನಾನು ಮುದುಕಿ. ಹೋದ ಬೇಸಿಗೆಯಲ್ಲಿ ನಮ್ಮ ಮನೆಯವರು ತೀರಿಕೊಂಡರು. ಮೊನ್ನೆ ಹಸಿ ಜೋಳದ ದಂಟು ತುಂಬಿದ ಗಾಡಿಯೊಂದು ಮನೆ ಮುಂದೆ ಹಾದುಹೋಯಿತು. ಆ ವಾಸನೆಗೆ ಆ ವರ್ಷವೆಲ್ಲ ಎದ್ದು ಬಂತು. ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಅಂಥ ದಂಟಿನಿಂದಲೇ ನಾವು ಗೋಡೆ ಕಟ್ಟಿಕೊಂಡಿದ್ದೆವು.

ಬಳೆ ಸಿಕ್ಕ ಮರುದಿನ ದಲಾಲರ ಅಂಗಡಿಯ ಹಿಂದೆ ಇಲಿಗಳು ಸತ್ತು ಬಿದ್ದವು. ಎರಡು ದಿನದಲ್ಲಿ ನಮ್ಮ ಓಣಿಯಲ್ಲೂ ಬಿದ್ದವು. ಊರು ಬಿಟ್ಟು ಹೊರಡಿರೆಂದು ಡಂಗುರ ಹೊಡೆಸಿದರು. ಪ್ಲೇಗು ಕಂಡ ಜನ, ಹೆಚ್ಚು ಹೇಳಿಸಿಕೊಳ್ಳಲಿಲ್ಲ. ಬೀಸುವ ಕಲ್ಲು, ಜೋಳದ ಚೀಲ, ಕೊಡ, ಕೌದಿ ಹೊತ್ತುಕೊಂಡು ಹೊರಬಿದ್ದರು. ಕೋಟೆ ಗುಡ್ಡದ ಕೆಳಗೆ ಕಲ್ಲಿಲ್ಲದ ಸಪಾಟು ಜಾಗವೆಂದರೆ ಫುಟ್ಬಾಲ್ ಆಡುವ ಮೈದಾನ ಒಂದೇ. ಅದರ ಸುತ್ತ ಹೊಲದ ಬದುಗಳಲ್ಲಿ ನೂರಾರು ಜೋಪಡಿಗಳು ಎದ್ದವು. ಮೈದಾನದ ನಡುವೆ ಮಾತ್ರ ಯಾರೂ ಜೋಪಡಿ ಹಾಕಲಿಲ್ಲ. ಹಾಕಬೇಡಿ ಎಂದು ಯಾರೂ ಹೇಳಿರಲೂ ಇಲ್ಲ.

ಇವರು ಕೆಲಸ ಮಾಡುತ್ತಿದ್ದ ಹತ್ತಿ ಬೀಜ ತೆಗೆಯುವ ಜಿನ್ನು ಕಾರ್ಖಾನೆ ಮುಚ್ಚಿತ್ತು. ದಿನವಿಡೀ ದಂಟು ಹೊರುವುದು, ಗಳ ಹೂಳುವುದು. ನಮ್ಮದಾದ ಮೇಲೆ ಖಾದರ್ ಕಾಕಾನ ಜೋಪಡಿಗೂ ಇವರೇ ಹೊದಿಕೆ ಹಾಕಿದರು. ಕಾಕಾ ದಂಟು ಎತ್ತಿ ಕೊಡುತ್ತಿದ್ದರು, ಮಾತಾಡುತ್ತಿರಲಿಲ್ಲ. ಇವರು ಎಡಗಾಲನ್ನು ಸ್ವಲ್ಪ ಹಗುರವಾಗಿ ಊರುತ್ತಿದ್ದರು. ನಾನು ಅವರ ನಡಿಗೆಯೇ ಹಾಗೆ ಎಂದುಕೊಂಡಿದ್ದೆ.

ಗಂಡಸರಿಗೆ ಕೆಲಸವಿರಲಿಲ್ಲ, ಹೆದರಿಕೆ ಬೇಕಾದಷ್ಟಿತ್ತು. ಸಂಜೆಯಾದರೆ ಆಡುತ್ತಿದ್ದರು. ಗೋಲಿನ ಬಿದಿರಿಗೆ ಒಬ್ಬ ಬಾಣಂತಿ ಜೋಲಿ ಕಟ್ಟಿ ಕೂಸು ಮಲಗಿಸುತ್ತಿದ್ದಳು. ಆಟ ಶುರುವಾಗುವ ಮುಂಚೆ ಗೋಲು ಕಾಯುವ ಭೀಮಣ್ಣ ಹೋಗಿ, “ತಂಗೀ, ಕೂಸಿನ್ನ ತಗಿ, ಬಾಲ್ ಬರತೈತಿ” ಎಂದು ಕೇಳಿಕೊಳ್ಳಬೇಕಾಗಿತ್ತು. ಅಲ್ಲಿಯವರೆಗೆ ಫುಟ್ಬಾಲ್ ಎನ್ನುವುದು ಹೆಂಗಸರಾದ ನಮಗೆ ಬರೀ ಬಾಯಿಮಾತು. ಈಗ ಜೋಪಡಿಯ ಬಾಗಿಲಲ್ಲಿ ಕೂತರೆ ಮುಂದೆಯೇ ಆಟ. ಕಾಳು ಆರಿಸುತ್ತ ನೋಡುತ್ತಿದ್ದೆವು. ಇವರು ಮಾತ್ರ ಆಡಲಿಲ್ಲ. ದಣಿವು ಎಂದು ಒಳಗೆ ಮಲಗುತ್ತಿದ್ದರು. ಕಾಕಾ ಅವತ್ತು ಆಡಿದ ಮಾತಿಗೆ ಹಟ ಹಿಡಿದಿದ್ದಾರೆ ಎಂದು ಅತ್ತೆ ತಿಳಿದರು.

ಅವರು ಆಡದಿದ್ದರೂ ಮಾತೆಲ್ಲ ಅವರದೇ. ನಾನು ಅದನ್ನು ಆ ದಿನಗಳಲ್ಲಿಯೇ ಗಮನಿಸಿದ್ದು. ಭೀಮಣ್ಣ ಒಂದು ಚೆಂಡನ್ನೂ ಬಿಡುತ್ತಿರಲಿಲ್ಲ, ಆದರೆ ಅವನ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ನೀರಿನ ಬಾವಿಯ ಹತ್ತಿರ, ಒಲೆಯ ಸುತ್ತ, ಎಲ್ಲ ಕಡೆ ಹನುಮ್ಯಾ. ಅವನಿಗೆ ಸೊಕ್ಕು ಎಂದು ಒಬ್ಬರು. ದೃಷ್ಟಿ ತಾಗಿದೆ ಎಂದು ಇನ್ನೊಬ್ಬರು. ಕುಷ್ಟಗಿಯವರ ಮೇಲೆ ಆಡಿದ ದಿನ ಇಡೀ ಮೈದಾನ ಒಬ್ಬನೇ ದಾಟಿ ಗೋಲು ಹೊಡೆದದ್ದನ್ನು ಹೇಳುತ್ತ ಒಬ್ಬ ಮುದುಕ ಎದ್ದು ನಿಂತು ಕಾಲು ತಿರುಗಿಸಿ ತೋರಿಸಿದ, ಮರುಕ್ಷಣ “ಅದ ಮಗ ಯಲಬುರ್ಗಿಯವರ ಮ್ಯಾಲ ಮಾಡಿದ್ದು ನೆನಸಿದ್ರ ಹೊಟ್ಟಿ ಉರಿತೈತಿ” ಎಂದು ಕೂತ. ಇಷ್ಟು ಸಿಟ್ಟು, ಇಷ್ಟು ಮಮತೆ ಒಬ್ಬನ ಮೇಲೆಯೇ ಹೇಗೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ಆಟದಲ್ಲಿ ಹೀಗಿರುವವನು ಮನೆಯಲ್ಲಿ ಹೇಗಿದ್ದಾನೋ ಎಂಬುದು ನನ್ನ ಚಿಂತೆ. ನನ್ನನ್ನು ಕರೆತರಲು ಸೋಮವಾರ ಬರುತ್ತೇನೆಂದು ಹೇಳಿ ಗುರುವಾರ ಬಂದವರು ಅವರು.

ಒಂದು ಬೆಳಗ್ಗೆ, ಇನ್ನಷ್ಟು ದಂಟು ತರುತ್ತೇನೆಂದು ಹಿಟ್ನಾಳದ ಕಡೆಗೆ ಹೋದವರು ಸಂಜೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ.

ಅಷ್ಟರಲ್ಲಿ ಜೋಪಡಿಗಳಲ್ಲಿ ಸಾವು ಶುರುವಾಗಿತ್ತು. ಬೆಳಗ್ಗೆ ಎದ್ದ ಕೂಡಲೇ ದೊಡ್ಡವರು ಚಿಕ್ಕವರು ಎಲ್ಲರೂ ಕಂಕುಳು, ತೊಡೆಸಂದಿ ಮುಟ್ಟಿ ನೋಡಿಕೊಳ್ಳುವುದು ಮುಖ ತೊಳೆದಷ್ಟೇ ಸಹಜವಾಗಿತ್ತು. ಗಡ್ಡೆ ಎದ್ದಿದೆ ಎಂದು ತಿಳಿದರೆ ಆ ಮನೆಯವರನ್ನೆಲ್ಲ ಬೇರೆ ಜಾಗಕ್ಕೆ ಒಯ್ದು ಜೋಪಡಿ ಸುಡುತ್ತಿದ್ದರು. ಅಂಥದರಲ್ಲಿ ಗಂಡಸು ಮನೆ ಬಿಟ್ಟು ಹೋದರೆ ಜನ ಏನು ಅಂದಾರು. ರೈಲು ಹತ್ತಿ ಹೊಸಪೇಟೆಗೆ ಓಡಿದ ಎಂದರು. ಬಾವಿಯ ಹತ್ತಿರ ನನಗೆ ಕೇಳುವಂತೆಯೇ ಒಬ್ಬ, “ಬಾಲ್ ಬಂದಾಗ ಇರಂಗಿಲ್ಲ, ಬ್ಯಾನಿ ಬಂದಾಗ ಇರ್ತಾನೇನು?” ಎಂದ. ನಾಲ್ಕು ಜನ ನಕ್ಕರು. ನಾನು ಕೊಡ ಎತ್ತಿಕೊಂಡು ಬಂದೆ. ನಕ್ಕವರ ಮೇಲೆ ಸಿಟ್ಟು ಬರಲಿಲ್ಲ. ಅವರು ಹೇಳಿದ್ದು ನಿಜವಿದ್ದರೆ ಏನು ಮಾಡುವುದು ಎಂಬುದೊಂದೇ ತಲೆಯಲ್ಲಿತ್ತು. ಅಪ್ಪನಿಗೆ ಹೇಳಿಕಳಿಸೋಣವೆಂದರೆ ಪ್ಲೇಗಿನ ಊರಿನವರನ್ನು ಅಳವಂಡಿಯಲ್ಲಿ ಒಳಗೆ ಬಿಡುತ್ತಿರಲಿಲ್ಲ. ಅತ್ತೆ ಮಗನ ಪಾಲಿನ ರೊಟ್ಟಿಯನ್ನೂ ದಿನಾ ಬಡಿಯುತ್ತಿದ್ದರು.

ನಗದೇ ಇದ್ದವರು ಖಾದರ್ ಕಾಕಾ ಒಬ್ಬರೇ. ಹೊತ್ತಿಗೊಮ್ಮೆ ಬಂದು, “ಬಂದನೇನವಾ?” ಎಂದು ಕೇಳಿ ಹೋಗುತ್ತಿದ್ದರು. ನಾಲ್ಕನೆಯ ದಿನವೋ ಐದನೆಯ ದಿನವೋ ಬಂದವರು ಹೋಗಲಿಲ್ಲ, ನೆಲದ ಮೇಲೆ ಕೂತರು.

“ತಂಗೀ, ನಾ ಅವತ್ತು ಬಾಗಿಲಾಗ ನಿಂತು ಒಂದು ಮಾತು ಅಂದೆ. ಸಿಟ್ಟಿನಾಗ ಅಂದೆ. ಅಲ್ಲಾ ಅದನ್ನ ಕೇಳಿಸಿಕೊಂಡಿರಬಾರದು, ಅಷ್ಟ ನನ್ನ ದುವಾ.”

“ಅವರು ಓಡಿ ಹೋಗ್ಯಾರಂತಾರಲ್ಲ ಕಾಕಾ?” ಎಂದೆ ನಾನು. ಬೇರೆ ಯಾರನ್ನೂ ಕೇಳುವ ಧೈರ್ಯವಾಗಿರಲಿಲ್ಲ.

“ಯಾರು ಅಂದೋರು? ಹನುಮ್ಯಾ ಸೋಮಾರಿ ಇರಬಹುದು, ಹುಚ್ಚ ಇರಬಹುದು. ಅಂವ ಮೈದಾನ ಬಿಟ್ಟು ಎಂದೂ ಹೊರಗ ಹೋಗಿಲ್ಲ. ಎಷ್ಟು ಬೈದ್ರೂ ಕಡೀತನಾ ನಿಂತಿರ್ತಾನ.”

ಮಾರನೆಯ ದಿನ ಕುರಿ ಮೇಯಿಸುವ ಮುದುಕನೊಬ್ಬ ಜೋಪಡಿಗಳಿಂದ ದೂರದಲ್ಲಿ ನಿಂತು ಕೂಗಿದ. ಹಿಟ್ನಾಳದ ದಾರಿಯ ಹೊಲದಲ್ಲಿ ಬೆಳೆ ಕಾಯುವ ಗುಡಿಸಲಿದೆ, ಅದರಲ್ಲಿ ಒಬ್ಬ ಮಲಗಿದ್ದಾನೆ, ಹತ್ತಿರ ಬರಗೊಡುವುದಿಲ್ಲ, ನೀರು ರೊಟ್ಟಿ ದೂರವಿಟ್ಟು ಹೋಗು ಎನ್ನುತ್ತಾನೆ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದ್ದಾನೆ ಎಂದ. “ನಿನ್ನೆಯಿಂದ ಜ್ವರ ಜೋರು ಆಗೈತ್ರಿ. ಇತ್ಲಾಗ ಕೊಡ್ರಿ, ಇತ್ಲಾಗ ಕೊಡ್ರಿ ಅಂತಾನ. ಏನು ಕೊಡಬೇಕಂತ ತಿಳಿವಲ್ದು. ಅದಕ್ಕ ಬಂದೆ.”

ಖಾದರ್ ಕಾಕಾ ಎದ್ದು ನಿಂತರು. “ಅಂವ ಬಾಲ್ ಕೇಳಾಕತ್ಯಾನ,” ಎಂದರು.

ಕಾಕಾ, ಭೀಮಣ್ಣ, ನಾನು ಮೂವರು ಹೋದೆವು. ನೀನು ಬರಬೇಡ ಎಂದು ಇಬ್ಬರೂ ಹೇಳಿದರು, ಅತ್ತೆ ಹೇಳಲಿಲ್ಲ. ಮೊಣಕಾಲುದ್ದದ ಹಿಂಗಾರಿ ಜೋಳದ ನಡುವೆ ಗುಡಿಸಲು ಕಂಡಿತು. ಇನ್ನೂ ದೂರವಿರುವಾಗಲೇ ಒಳಗಿನಿಂದ ಧ್ವನಿ ಬಂತು. ಕ್ಷೀಣವಾಗಿತ್ತು, ಆದರೆ ಅವರದೇ.

“ಅಲ್ಲೇ ನಿಂದರ್ರಿ. ಗಡ್ಡಿ ಎದ್ದೈತಿ. ಆಕಿನ್ನ ಯಾಕ ಕರಕೊಂಡು ಬಂದ್ರಿ? ಹೊಳ್ಳಿ ಹೋಗ್ರಿ.”

ನಾನು ನಿಂತೆ. ಅವರು ಓಡಿಹೋಗಿರಲಿಲ್ಲ. ನಮಗೆ ತಾಗಬಾರದು, ಅವ್ವನ ಜೋಪಡಿ ಸುಡಬಾರದು ಎಂದು ಒಬ್ಬರೇ ಸಾಯಲು ಬಂದಿದ್ದರು. ಅದು ತಿಳಿದ ಗಳಿಗೆಯಲ್ಲೇ ಅವರು ಉಳಿಯುವುದಿಲ್ಲ ಎಂಬುದೂ ತಿಳಿಯಿತು. ಎರಡನ್ನೂ ಒಟ್ಟಿಗೆ ಏನು ಮಾಡಬೇಕೆಂದು ತೋಚದೆ ನಿಂತುಬಿಟ್ಟೆ.

ಭೀಮಣ್ಣ ಅಳತೊಡಗಿದ. ಕಾಕಾ ಅಳಲಿಲ್ಲ. ಹುಬ್ಬು ಗಂಟುಹಾಕಿ, ಮೈದಾನದಲ್ಲಿ ಕೂಗುವ ದನಿಯಲ್ಲೇ ಕೂಗಿದರು.

“ಯಾವ ಕಡಿ ಎದ್ದೈತಲೇ?”

“ತೊಡಿಸಂದ್ಯಾಗ, ಎಡಕ್ಕ.”

“ಎಡಕ್ಕ ಹೌದಿಲ್ಲೋ? ನಿನ್ನ ಎಡಗಾಲ ಹೆಬ್ಬೆಟ್ಟು ಹೆಂಗೈತಿ?”

ಒಳಗೆ ಕಾಲು ಎಳೆದುಕೊಂಡ ಸದ್ದಾಯಿತು.

“ಗಂಗಾವತಿ ಕಡಿ ಆ ಎತ್ತರದ ಆಳು, ಬೂಟು ಹಾಕ್ಕೊಂಡಾಂವ, ನಿನ್ನ ಬೆಟ್ಟು ತುಳಿದನಿಲ್ಲೋ? ಅರ್ಧ ಆಟ ಆದ ಮ್ಯಾಲ, ಬೇವಿನಗಿಡದ ಕಡಿ ಮೂಲಿಯಾಗ. ಎರಡು ಸಲ ಕುಂಟಿದಿ. ಅದರ ಹಿಂದ ಗೋಲಿನ ಮುಂದ ಬಾಲ್ ಬಂದಾಗ ಬಲಗಾಲಿಲೆ ಒದ್ದಿ. ಯಾವತ್ತೂ ಬಲಗಾಲಿಲೆ ಒದಿಯಾಂವ ಅಲ್ಲ ನೀ. ನಾ ಅಲ್ಲೇ ನಿಂತು ನಿನಗ ಬೈಯಾಕತ್ತಿದ್ದೆ. ಬೈಯೋ ಭರದಾಗ ತಲಿಗೆ ಹೋಗಲಿಲ್ಲ.”

ಅದು ಹೌದು. ಕಾಕಾ ಯಾವಾಗಲೂ ಇವರು ಆಡುವ ಬದಿಯ ಗೆರೆಯ ಮೇಲೆಯೇ ಕೂರುತ್ತಿದ್ದರಂತೆ. ಅರ್ಧ ಆಟವಾಗಿ ಬದಿ ಬದಲಾದರೆ ಅವರೂ ಮೈದಾನ ಸುತ್ತಿಕೊಂಡು ಆ ಬದಿಗೆ ಹೋಗುತ್ತಿದ್ದರಂತೆ. ಯಾಕೆ ಎಂದು ಕೇಳಿದರೆ, ದೂರದಿಂದ ಬೈದರೆ ಅವನಿಗೆ ಕೇಳಿಸುವುದಿಲ್ಲ ಎನ್ನುತ್ತಿದ್ದರಂತೆ. ಆ ದಿನ ಎಲ್ಲರೂ ಗೋಲನ್ನು ನೋಡುತ್ತಿದ್ದಾಗ ಕಾಕಾ ಒಬ್ಬರೇ ಇವರ ಕಾಲನ್ನು ನೋಡುತ್ತಿದ್ದರು.

ಕಾಕಾ ಮುಂದೆ ನಡೆದರು. ಬೇಡ ಬೇಡ ಎಂದು ಇವರು ಒಳಗಿನಿಂದ ಕೂಗುತ್ತಲೇ ಇದ್ದರು. ಕಾಕಾ ಗುಡಿಸಲಿನ ಬಾಗಿಲಲ್ಲಿ ಕೂತು ಕಾಲನ್ನು ಹೊರಗೆ ಎಳೆದುಕೊಂಡರು. ಹೆಬ್ಬೆರಳು ಬದನೆಕಾಯಿಯಂತೆ ಊದಿ ಕಪ್ಪಾಗಿತ್ತು, ಉಗುರಿನ ಕೆಳಗೆ ಕೀವು. ಆ ಕಾಲಿನಲ್ಲೇ ಅವರು ವಾರವೆಲ್ಲ ದಂಟು ಹೊತ್ತಿದ್ದರು.

“ಮಗನ, ಇದು ಬೆಟ್ಟಿನ ಗಡ್ಡಿ. ಕಾಲಿಗೆ ಕೀವಾದ್ರ ತೊಡಿಗೆ ಗಂಟು ಏಳತೈತಿ. ನಿಮ್ಮಜ್ಜಗ ಗೊತ್ತಿತ್ತು, ನಿನಗ ಗೊತ್ತಿಲ್ಲ. ಕಾಲು ನೋವಾಗೈತಿ ಅಂತ ಅವತ್ತ ಹೇಳಾಕ ಏನಾಗಿತ್ತು?”

“ಸೋತ ಮ್ಯಾಲ ಕಾಲು ನೋವು ಅಂದ್ರ ನೀ ನಂಬತಿದ್ದೇನು ಕಾಕಾ?”

ಕಾಕಾ ಆ ಬೆರಳಿನ ಮೇಲೆ ಕೂತ ನೊಣ ಓಡಿಸಿದರು. “ಇಲ್ಲ,” ಎಂದರು. “ಇನ್ನೊಂದು ಡಜನ್ ಬಳಿ ಕಟ್ಟತಿದ್ದೆ.”

ಬಳೆ ಕಟ್ಟುತ್ತಿದ್ದವರು ಯಾರೆಂದು ಆಗ ನನಗೆ ಗೊತ್ತಾಯಿತು.

ಆದರೂ ನಂಬುವುದಕ್ಕೆ ಹೆದರಿಕೆ. ಭೀಮಣ್ಣ ಓಡಿ, ಜೋಪಡಿಗಳ ಜನರಿಗೆ ಪ್ಲೇಗಿನ ಸೂಜಿ ಚುಚ್ಚಲು ಬರುತ್ತಿದ್ದ ಸರಕಾರಿ ಡಾಕ್ಟರನ್ನು ಕರೆತಂದ. ಅವರು ಗಂಟು ಒತ್ತಿ ನೋಡಿದರು, ಬೆರಳು ನೋಡಿದರು, ಎಷ್ಟು ದಿನವಾಯಿತೆಂದು ಕೇಳಿದರು. ಆಮೇಲೆ ಉರ್ದುವಿನಲ್ಲಿ ಏನೋ ಹೇಳಿ ಚೀಲದಿಂದ ಚಾಕು ತೆಗೆದರು. ನನಗೆ ಉರ್ದು ಬರುತ್ತಿರಲಿಲ್ಲ. ಕಾಕಾನ ಮುಖವನ್ನೇ ನೋಡುತ್ತಿದ್ದೆ. ಅವರು ತಲೆಯ ರುಮಾಲು ಬಿಚ್ಚಿ ಕಣ್ಣಿಗೆ ಒತ್ತಿಕೊಂಡು, “ಅಲ್ಲಂತವಾ, ಅದು ಅಲ್ಲಂತ. ಅದಾಗಿದ್ರ ಇಷ್ಟು ದಿನ ಬದುಕಿರ್ತಿದ್ದಿಲ್ಲಂತ” ಎಂದರು. ನಾನು ಜೋಳದ ನಡುವೆ ಕೂತುಬಿಟ್ಟೆ. ಆವರೆಗೆ ಹಿಡಿದಿದ್ದ ಅಳು ಆಗ ಬಂತು, ಅದರ ಹಿಂದೆಯೇ ನಗುವೂ ಬಂತು.

ಕೀವು ತೆಗೆದ ಮೇಲೆ ಜ್ವರ ಇಳಿಯಿತು. ಗಂಟು ದಿನದಿನಕ್ಕೆ ಕರಗಿತು. ಜೋಪಡಿಗೆ ಬಂದಾಗ ಅತ್ತೆ ಮಗನ ತಲೆ ಮುಟ್ಟಿ, ರೊಟ್ಟಿ ಕೊಟ್ಟು, ತಿನ್ನುವುದನ್ನು ನೋಡುತ್ತ ಕೂತರು. ಜನ ಒಬ್ಬೊಬ್ಬರಾಗಿ ಬಂದರು. ಬಾವಿಯ ಹತ್ತಿರ ಆಡಿಕೊಂಡವನು ಒಂದು ಕುಂಬಳಕಾಯಿ ತಂದಿಟ್ಟು, ಬೆರಳು ನೋಡಿ ಹೋದ. ಈಗ ಊರಿನವರ ಮಾತೇ ತಿರುಗಿತು. ಹಿಂದೆ ಇವರು ಕೆಟ್ಟದಾಗಿ ಆಡಿದ ಪಂದ್ಯಗಳಿಗೆಲ್ಲ ಆ ಬೆರಳೇ ಕಾರಣವೆಂದು ಸಾಧಿಸತೊಡಗಿದರು. ಯಲಬುರ್ಗಿಯವರಿಗೆ ಸೋತದ್ದಕ್ಕೂ ಅದೇ ಬೆರಳು. ಅದು ಹೋದ ವರ್ಷದ ಮಾತು, ಬೆರಳು ತುಳಿದದ್ದು ಮೊನ್ನೆ ಎಂದು ಇವರೇ ಹೇಳಿದರೂ ಕೇಳಲಿಲ್ಲ. “ನಿನಗ ಗೊತ್ತಾಗಂಗಿಲ್ಲ, ಸುಮ್ಕಿರು,” ಎಂದರು.

ಆ ದಿನಗಳಲ್ಲಿ ಯಾರೂ ಇವರನ್ನು ಬಯ್ಯಲಿಲ್ಲ. ಕಾಕಾ ಸಹ ಮೆತ್ತಗೆ ಮಾತಾಡುತ್ತಿದ್ದರು. ರೋಗಿಯ ಮುಂದೆ ಆಡುವಂಥ ಮಾತು. ಇವರು ಎದ್ದು ಓಡಾಡತೊಡಗಿದ ಮೇಲೂ ಅದು ನಿಲ್ಲಲಿಲ್ಲ. ಇನ್ನೂ ಏನೋ ಕಾದಿದೆ ಎಂಬಂತೆ ನನಗೆ ಒಳಗೊಳಗೇ ಹೆದರಿಕೆ.

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಬೇನೆ ಇಳಿಯಿತು. ಊರೊಳಗೆ ಮನೆಗಳ ಬಾಗಿಲು ತೆರೆದು ಬಿಸಿಲು ಕೊಡುತ್ತಿದ್ದರು. ಮುಂದಿನ ವಾರ ಎಲ್ಲರೂ ಹಿಂತಿರುಗುವುದೆಂದು ಗೊತ್ತಾದ ಶುಕ್ರವಾರ, ಭೀಮಣ್ಣ ಬಂದು ಇವರನ್ನು ಆಟಕ್ಕೆ ಕರೆದ. ಜೋಪಡಿಯವರೇ ಎರಡು ಪಾಲಾಗಿ ಆಡಿದರು. ಹೆಂಗಸರೆಲ್ಲ ಕೆಲಸ ಬಿಟ್ಟು ಕೂತೆವು. ಅತ್ತೆಯೂ ಬಂದರು, ಮಗನ ಆಟವನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ.

ಅವರು ಆಡಿದ್ದನ್ನು ಹೇಳಲು ನನಗೆ ಬರುವುದಿಲ್ಲ. ಚೆಂಡು ಅವರ ಕಾಲಿನ ಹತ್ತಿರ ಬಂದಾಗ ಉಳಿದವರೆಲ್ಲ ಅವಸರದಲ್ಲಿದ್ದಂತೆಯೂ ಅವರಿಗೊಬ್ಬರಿಗೇ ಬೇಕಾದಷ್ಟು ಹೊತ್ತು ಇದ್ದಂತೆಯೂ ಕಾಣುತ್ತಿತ್ತು. ಒಬ್ಬನನ್ನು ದಾಟಿ, ಅವನು ತಿರುಗುವಷ್ಟರಲ್ಲಿ ಮತ್ತೆ ಅವನನ್ನೇ ದಾಟಿ, ಎಡಗಾಲಿನಿಂದ ಗೋಲು ಹೊಡೆದರು. ಬಾಣಂತಿ ಕೂಸನ್ನು ಎತ್ತಿ ಹಿಡಿದು ತೋರಿಸಿದಳು. ನನ್ನ ಪಕ್ಕದವಳು ನನ್ನ ಬೆನ್ನಿಗೆ ಗುದ್ದಿದಳು.

ಸ್ವಲ್ಪ ಹೊತ್ತಿನ ಮೇಲೆ ಇವರು ನಿಂತರು. ನೋವಾಯಿತೇನೋ ಎಂದು ನಾನು ಅರ್ಧ ಎದ್ದೆ. ನೋವೇನಿಲ್ಲ. ಗುಡ್ಡದ ಮೇಲೆ ಗಿಳಿಗಳ ಹಿಂಡೊಂದು ಹಾರಿಹೋಗುತ್ತಿತ್ತು, ಅದನ್ನು ನೋಡುತ್ತಿದ್ದರು. ಚೆಂಡು ಅವರ ಕಾಲ ಪಕ್ಕದಲ್ಲೇ ಉರುಳಿ ಗೆರೆ ದಾಟಿತು.

ಎಲ್ಲರೂ ಖಾದರ್ ಕಾಕಾನ ಕಡೆ ನೋಡಿದರು. ಅವರು ಗೆರೆಯ ಮೇಲೆ ಕೂತಿದ್ದವರು ನಿಧಾನವಾಗಿ ಎದ್ದರು.

“ಲೇ ಹನುಮ್ಯಾ, ಗಿಳಿಗೆ ಸಾಲಿ ಕಲಸ್ತೀ ಏನೋ? ಅವು ನಿನಕಿಂತ ಛಲೋ ಆಡ್ತಾವ. ಬೆಟ್ಟು ಆರಾಮ ಆತು, ತಲಿ ಎಂದು ಆರಾಮ ಆಗತೈತೋ ನಿಂದು?”

ಇಡೀ ಮೈದಾನ ನಕ್ಕಿತು. ಆಮೇಲೆ ಎಲ್ಲ ಕಡೆಯಿಂದ ಬೈಗುಳ ಶುರುವಾಯಿತು, ತಿಂಗಳುಗಟ್ಟಲೆ ಕಟ್ಟಿಟ್ಟದ್ದನ್ನು ಬಿಚ್ಚಿದ ಹಾಗೆ. ಇವರು ಕೈ ಎತ್ತಿ ಕಾಕಾನಿಗೆ ಸಲಾಮು ಮಾಡಿದರು. ಅತ್ತೆ, “ಬೈಲಿ, ಬೈಲಿ, ನನ್ನ ಮಗಗ ಏನೂ ಆಗಂಗಿಲ್ಲ ಇನ್ನ” ಎಂದರು. ನನಗೂ ಹಾಗೆಯೇ ಅನ್ನಿಸಿತು. ಜನ ಅವರನ್ನು ಬಯ್ಯುತ್ತಿದ್ದಾರೆ ಎಂದರೆ ಅವರು ಬದುಕಿದ್ದಾರೆ, ನಾವೆಲ್ಲ ಬದುಕಿದ್ದೇವೆ, ಊರಿಗೆ ಹಿಂತಿರುಗುತ್ತೇವೆ.

ಅವರು ಕೊನೆಯವರೆಗೂ ಹಾಗೆಯೇ ಇದ್ದರು. ಆಟ ಬಿಟ್ಟ ಮೇಲೂ, ಸಂತೆಗೆ ಹೋದರೆ ಒಂದು ದಿನ ಬೇಕಾದ್ದೆಲ್ಲ ನೆನಪಿಟ್ಟು ತರುತ್ತಿದ್ದರು, ಇನ್ನೊಂದು ದಿನ ಚೀಲವನ್ನೇ ಮರೆತು ಬರುತ್ತಿದ್ದರು. ನಾನೂ ಬಯ್ಯುತ್ತಿದ್ದೆ. ಆದರೆ ನಂಬಬಹುದೋ ಇಲ್ಲವೋ ಎಂದು ಆ ಹೊಲದಿಂದ ಬಂದ ಮೇಲೆ ಎಂದೂ ಯೋಚಿಸಲಿಲ್ಲ. ಖಾದರ್ ಕಾಕಾ ಇವರಿಗಿಂತ ಎಷ್ಟೋ ವರ್ಷ ಮುಂಚೆ ಹೋದರು. ಅವರ ಮಣ್ಣಿಗೆ ಇವರೇ ಹೆಗಲು ಕೊಟ್ಟರು. ಭೀಮಣ್ಣ ಮಕ್ಕಳ ಜೊತೆ ಬೇರೆ ಊರಿಗೆ ಹೋದವನು ಅಲ್ಲೇ ತೀರಿಕೊಂಡ.

ಹೋದ ಬೇಸಿಗೆಯಲ್ಲಿ ಇವರು ತೀರಿಕೊಂಡ ಮೂರನೆಯ ದಿನಕ್ಕೆ ಬಹಳ ಜನ ಬಂದಿದ್ದರು. ತಂದೆಯ ಬಾಯಲ್ಲಿ, ಅಜ್ಜನ ಬಾಯಲ್ಲಿ ಕೇಳಿದವರು. ಎಲ್ಲರೂ ಒಂದೇ ಮಾತು ಹೇಳಿದರು: ಭಾಳ ದೊಡ್ಡ ಆಟಗಾರ, ಕಾಲಿಗೆ ಬಂದ ಚೆಂಡು ಬಿಡುತ್ತಿರಲಿಲ್ಲವಂತೆ. ನಾನು ತಲೆಯಾಡಿಸಿದೆ. ಅವರು ಒಳ್ಳೆಯ ಮನಸ್ಸಿನಿಂದ ಹೇಳಿದರು. ಆದರೆ ಅವರು ಹೇಳುತ್ತಿದ್ದದ್ದು ಬೇರೆ ಯಾರದೋ ಆಟ.

ಇವರ ಆಟವನ್ನು, ಉಂಡೆಯದನ್ನೂ ಬಳೆಯದನ್ನೂ, ಪೂರ್ತಿ ನೋಡಿದವರು ಈಗ ಒಬ್ಬರೂ ಇಲ್ಲ.